ವ್ಯಾಕ್ಯೂಮ್ ಪಂಪ್: ಸಿಲಿಂಡರ್ ತೆಗೆದ ಕೂಡಲೇ ಶಿಶ್ನ ಕುಗ್ಗುವುದೇಕೆ? ಮಾತ್ರೆಯಿಲ್ಲದ ಬೇರೆ ದಾರಿ ಏನಿದೆ?

ಪ್ರಶ್ನೆ:
ಹೃದಯಕ್ಕೆ ನೈಟ್ರೇಟ್ ಮಾತ್ರೆ ನಡೆಯುತ್ತಿರುವುದರಿಂದ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರ) ಥರದ ಯಾವ ಮಾತ್ರೆಯೂ ಕೂಡದು ಎಂದಿದ್ದಾರೆ ಡಾಕ್ಟರು. ಅದಕ್ಕೇ ಸಿಲಿಂಡರಿನ ಗಾಳಿ ಹೀರಿ ಶಿಶ್ನಕ್ಕೆ ರಕ್ತ ಎಳೆಯುವ ವ್ಯಾಕ್ಯೂಮ್ ಪಂಪ್ ಬಳಸುತ್ತಿದ್ದೇನೆ. ಪಂಪ್ ಹಾಕಿದರೆ ಸಿಲಿಂಡರಿನೊಳಗೆ ಚೆನ್ನಾಗಿಯೇ ನಿಮಿರುತ್ತದೆ. ಶಿಶ್ನದ ಬುಡ ಬಿಗಿಯುವ ರಬ್ಬರ್ ರಿಂಗ್ ಏರಿಸಿ ಸಿಲಿಂಡರ್ ತೆಗೆದರೆ ಎರಡೇ ನಿಮಿಷ, ಸೋತುಹೋಗುತ್ತದೆ. ತುದಿ ತಣ್ಣಗಾಗಿ ನೀಲಿಗಟ್ಟುತ್ತದೆ, ಚರ್ಮದ ಮೇಲೆ ಕೆಂಪು ಚುಕ್ಕೆಗಳು ಏಳುತ್ತವೆ. ಪಂಪೇ ಸರಿಯಿಲ್ಲವೋ, ಹಾಕುವ ಕ್ರಮ ತಪ್ಪೋ?

ಉತ್ತರ 1:
ಒಳಗೆ ತುಂಬುತ್ತಿದೆ ಅಂದಮೇಲೆ ಪಂಪ್ ಸರಿಯಿದೆ, ಗಾಳಿಯೂ ಸೋರುತ್ತಿಲ್ಲ. ತಪ್ಪು ರಿಂಗಿನಲ್ಲಿದೆ. ಒಳಬಂದ ರಕ್ತವನ್ನು ಹಿಡಿದಿಡುವುದು ಅದೊಂದೇ. ಸಡಿಲವಿದ್ದರೆ ರಕ್ತ ವಾಪಸ್ ಹೋಗುತ್ತದೆ. ಒಂದು ಸೈಜ್ ಚಿಕ್ಕದು ಹಾಕಿ ನೋಡಿ. ಇನ್ನೊಂದು ಸಾಮಾನ್ಯ ತಪ್ಪು, ಗಾಳಿ ಬಿಡುವ ಗುಂಡಿಯನ್ನು ಮೊದಲೇ ಒತ್ತಿಬಿಡುವುದು. ಸಿಲಿಂಡರನ್ನು ಮೈಗೆ ಒತ್ತಿ ಹಿಡಿದುಕೊಂಡೇ ರಿಂಗನ್ನು ತೀರಾ ಬುಡಕ್ಕೆ ಜಾರಿಸಿ, ಅದು ಕೂತ ಮೇಲಷ್ಟೇ ಗಾಳಿ ಬಿಡಬೇಕು.

ಪಂಪ್ ಮಾಡುವಾಗ ಅವಸರ ಬೇಡ. ಒಂದೆರಡು ನಿಮಿಷ ನಿಧಾನವಾಗಿ ಎಳೆದು, ಗಾಳಿ ಬಿಟ್ಟು, ಮತ್ತೆ ಮೂರ್ನಾಲ್ಕು ನಿಮಿಷ ಎಳೆಯಿರಿ. ಎರಡನೇ ಸಲಕ್ಕೆ ಹೆಚ್ಚು ಗಟ್ಟಿಯಾಗುತ್ತದೆ. ಕೆಂಪು ಚುಕ್ಕೆ ಬರುವುದು ಜೋರಾಗಿ ಎಳೆದಾಗ ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆಯುವುದರಿಂದ. ಕೆಲವು ದಿನಗಳಲ್ಲಿ ಮಾಯುತ್ತದೆ. ತಣ್ಣಗಿರುವುದು, ತುಸು ನೀಲಿಯಾಗುವುದು ಸಹಜ, ಏಕೆಂದರೆ ರಿಂಗಿನ ಮುಂದೆ ರಕ್ತದ ಓಡಾಟ ತೀರಾ ಕಡಿಮೆ. ರಿಂಗಿನ ಹಿಂದಿನ ಭಾಗ ನಿಮಿರಿರುವುದಿಲ್ಲ, ಹಾಗಾಗಿ ಬುಡ ಆಚೀಚೆ ತೊನೆಯುತ್ತದೆ. ಮೊದಮೊದಲು ಕೈಯಿಂದ ಹಿಡಿದುಕೊಳ್ಳುವುದು ಒಳ್ಳೆಯದು.

ರಿಂಗ್ 30 ನಿಮಿಷದೊಳಗೆ ತೆಗೆಯಲೇಬೇಕು. ಅಲಾರಂ ಇಟ್ಟುಕೊಳ್ಳಿ, ಹಾಕಿಕೊಂಡೇ ನಿದ್ದೆಹೋಗಬೇಡಿ. ನೋವು, ಮರಗಟ್ಟುವಿಕೆ ಶುರುವಾದರೆ ಆ ಕ್ಷಣವೇ ತೆಗೆಯಿರಿ. ಸಿಲಿಂಡರಿನ ಬಾಯಿಗೂ ಬುಡಕ್ಕೂ ನೀರಿನಂಶದ ಜೆಲ್ಲಿ ಹಚ್ಚಿ. ವ್ಯಾಸಲೀನ್ ಥರದ್ದು ರಬ್ಬರನ್ನು ಹಾಳುಮಾಡುತ್ತದೆ. ಬುಡದ ಕೂದಲು ಕತ್ತರಿಸಿದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ವೀರ್ಯ ಹೊರಬರದೆ ರಿಂಗ್ ತಡೆಯಬಹುದು, ತೊಂದರೆಯಿಲ್ಲ. ಆದರೆ ಅದನ್ನೇ ಗರ್ಭನಿರೋಧ ಅಂದುಕೊಳ್ಳಬೇಡಿ.

ನಿರ್ವಾತ ಮಿತಿಮೀರದಂತೆ ತಡೆಯುವ ವಾಲ್ವ್ ನಿಮ್ಮ ಪಂಪಿನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಅದನ್ನು ಬಿಡಿ. ಹೃದಯದ ಮಾತ್ರೆಗಳ ಜೊತೆ ರಕ್ತ ತೆಳುಮಾಡುವ ಔಷಧಿಯೂ ಇದ್ದರೆ, ಅಥವಾ ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ ಇದ್ದರೆ, ಡಾಕ್ಟರನ್ನು ಕೇಳದೆ ಪಂಪ್ ಮುಟ್ಟಬೇಡಿ. ಸಂಭೋಗದ ಶ್ರಮ ತಾಳುವಷ್ಟು ಹೃದಯ ಗಟ್ಟಿಯಿದೆಯೇ ಎನ್ನುವುದನ್ನೂ ಆಗಲೇ ಕೇಳಿಕೊಳ್ಳಿ. ಎರಡು ಮಹಡಿ ಮೆಟ್ಟಿಲು ಹತ್ತಿದರೆ ಎದೆನೋವು ಬರುವವರು ಮೊದಲು ಅದನ್ನು ನೋಡಿಸಬೇಕು.

ಉತ್ತರ 2:
ಪಂಪ್ ಆ ಹೊತ್ತಿಗೆ ಮಾತ್ರ. ಮೂಲದ ಕೆಲಸವನ್ನು ಜೊತೆಯಲ್ಲೇ ಶುರುಮಾಡಿ.

ಶಿಶ್ನದ ಬುಡವನ್ನು ಒತ್ತಿ ರಕ್ತವನ್ನು ಹಿಡಿದಿಡುವುದರಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳ ಪಾಲಿದೆ. ಹೂಸು ತಡೆಯುವಾಗ ಹಿಂಡುವ ಹಾಗೆ ಹಿಂಡಿ. ಸರಿಯಾಗಿ ಮಾಡಿದರೆ ಶಿಶ್ನದ ಬುಡ ತುಸು ಒಳಗೆ ಸರಿದು ವೃಷಣಗಳು ಮೇಲೇಳುವುದು ಕನ್ನಡಿಯಲ್ಲಿ ಕಾಣುತ್ತದೆ. 5ರಿಂದ 10 ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಮೊದಲು ಮಲಗಿ, ಆಮೇಲೆ ಕೂತು, ನಿಂತು. ಉಸಿರು ಕಟ್ಟುವುದು, ಪೃಷ್ಠ ಮತ್ತು ತೊಡೆ ಬಿಗಿಯುವುದು, ಇವೇ ದೊಡ್ಡ ತಪ್ಪುಗಳು. ಪೂರ್ತಿ ಸಡಿಲ ಬಿಡದಿದ್ದರೆ ಸ್ನಾಯು ಸೋತು ನೋಯುತ್ತದೆ. ಫಲ ಕಾಣಲು ಕನಿಷ್ಠ 3 ತಿಂಗಳು ಬೇಕು.

ಡಾಕ್ಟರು ಒಪ್ಪಿದರೆ ವೇಗದ ನಡಿಗೆ: ದಿನಕ್ಕೆ 40 ನಿಮಿಷ, ವಾರಕ್ಕೆ 4 ದಿನ, 6 ತಿಂಗಳು. ಸಿಗರೇಟು ಪೂರ್ತಿ ಬಿಡಬೇಕು. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ರಾ ಉಸಿರುಕಟ್ಟು (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ಕಾಯಿಲೆ) ಇದೆಯೇ ಎಂದು ಪರೀಕ್ಷೆ ಮಾಡಿಸಿ.

ಮರುಪ್ರಶ್ನೆ:
ಶಿಶ್ನಕ್ಕೆ ಹೊರಗಿನಿಂದ ಶಬ್ದದ ಅಲೆಗಳನ್ನು ಹಾಯಿಸುವ ಶಾಕ್‌ವೇವ್ ಚಿಕಿತ್ಸೆ ಹೇಗೆ?

ಉತ್ತರ 3:
ಈಗಲೇ ಹಣ ಸುರಿಯಬೇಡಿ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರ ಮಾರ್ಗಸೂಚಿಯಲ್ಲಿ ಇದನ್ನು ಪ್ರಯೋಗದ ಹಂತದ್ದೆಂದೇ ಪರಿಗಣಿಸಿದೆ. ಬೇರೇನೂ ಫಲಿಸದಿದ್ದಾಗ ಕಡೆಯದು ಶಸ್ತ್ರಚಿಕಿತ್ಸೆಯ ಇಂಪ್ಲಾಂಟ್: ಶಿಶ್ನದೊಳಗೆ ಎರಡು ಕೊಳವೆ, ವೃಷಣಚೀಲದಲ್ಲಿ ಪುಟ್ಟ ಪಂಪ್, ಹೊಟ್ಟೆಯ ಕೆಳಗೆ ಉಪ್ಪುನೀರಿನ ಚೀಲ. ಪಂಪ್ ಹಿಸುಕಿದರೆ ನೀರು ಕೊಳವೆಗೆ ಬಂದು ನಿಮಿರುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ 4ರಿಂದ 6 ವಾರ ಸಂಭೋಗ ಕೂಡದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಸೋಂಕಿನ ಭಯ ಹೆಚ್ಚು, ಸೋಂಕಾದರೆ ಸಾಮಾನ್ಯವಾಗಿ ಇಡೀ ಉಪಕರಣ ತೆಗೆಯಬೇಕು. ಒಳಗಿನ ಸಹಜ ಅಂಗಾಂಶ ಹೋಗುವುದರಿಂದ, ಆಮೇಲೆ ಅದನ್ನು ತೆಗೆಸಿದರೂ ಸಹಜ ನಿಮಿರುವಿಕೆ ಮರಳಿ ಬರುವುದಿಲ್ಲ.