ಉಣ್ಣೆ ಕಚ್ಚಿದೆ, ಯಾವ ಜ್ವರಕ್ಕೆ ಹೆದರಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮ ತೋಟ ಕೊಡಗಿನ ಕುಟ್ಟದ ಹತ್ತಿರ, ಕಾಡಂಚಿನಲ್ಲಿ. ಕಾಫಿ ಕೊಯ್ಲು ನಡೆಯುತ್ತಿದೆ. ನಿನ್ನೆ ಅಮ್ಮನ ಮೊಣಕಾಲಿನ ಹಿಂದೆ ಎಳ್ಳಿನಷ್ಟು ಚಿಕ್ಕ ಉಣ್ಣೆ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಹಾಕಿ ಕಿತ್ತೆವು. ನಾಯಿಯ ಕಿವಿಯಲ್ಲೂ ಉಣ್ಣೆ ತುಂಬಿದೆ. ಎಲ್ಲಾ ಉಣ್ಣೆಯಿಂದಲೂ ಮಂಗನ ಕಾಯಿಲೆ ಬರುತ್ತಾ? ಅಮ್ಮನಿಗೆ ಸದ್ಯ ಜ್ವರ ಇಲ್ಲ.

ಉತ್ತರ: ಇಲ್ಲ. ನಾಯಿಯ ಉಣ್ಣೆ ಬೇರೆ, ಕಾಡಿನ ಉಣ್ಣೆ ಬೇರೆ. ಮಂಗನ ಕಾಯಿಲೆಯ ವೈರಸ್ ಹರಡುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಜಾತಿಯ ಕಾಡಿನ ಉಣ್ಣೆ. ಅದರಲ್ಲೂ ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಅದರ ಮರಿ, ನೀವು ಹೇಳಿದ ಎಳ್ಳಿನ ಗಾತ್ರದ್ದು. ಮಳೆ ನಿಂತ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ, ತರಗೆಲೆಯಲ್ಲಿ ಇವು ಜಾಸ್ತಿ. ನಿಮ್ಮ ಕೊಯ್ಲಿನ ಕಾಲವೇ ಅಲ್ವಾ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ನಿಮ್ಮ ಪಕ್ಕದ ವಯನಾಡಿನಲ್ಲೂ ಕಾಣಿಸಿಕೊಂಡಿದೆ. ಹಾಗಾಗಿ ಅಮ್ಮನನ್ನು ಎರಡು ವಾರ ಗಮನಿಸಿ. ಸಾಮಾನ್ಯವಾಗಿ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ವಿಪರೀತ ಮೈಕೈ ನೋವು ಶುರುವಾಗುತ್ತದೆ. ಕೆಲವರಿಗೆ ಒಸಡಿನಿಂದ ರಕ್ತ ಬರುತ್ತದೆ. ಜ್ವರ ಬಿಟ್ಟು ಒಂದೆರಡು ವಾರದ ನಂತರ ಮತ್ತೆ ಬರುವುದೂ ಇದೆ. ಇದಕ್ಕೆಂದೇ ಔಷಧಿ ಇಲ್ಲ. ಬೇಗ ಆಸ್ಪತ್ರೆಗೆ ಸೇರಿಸುವುದೇ ಜೀವ ಉಳಿಸುತ್ತದೆ. ಜ್ವರ ಬಂದರೆ ಮನೆಯಲ್ಲಿ ನೋವಿನ ಮಾತ್ರೆ ನುಂಗಿಸಿ ಕಾಯಬೇಡಿ. ಉಣ್ಣೆ ಕಚ್ಚಿದ್ದನ್ನು ನೀವೇ ಬಾಯಿಬಿಟ್ಟು ಹೇಳಿ, ಎಷ್ಟೋ ಜನ ಹೇಳುವುದೇ ಇಲ್ಲ.

ನಾಯಿಯ ಉಣ್ಣೆಯಿಂದ ಬರುವುದು ಉಣ್ಣೆ ಟೈಫಸ್. ಜ್ವರದ ಜೊತೆ ಅಂಗೈ, ಅಂಗಾಲಿನಲ್ಲೂ ಕೆಂಪು ಗುಳ್ಳೆ ಏಳಬಹುದು. ಇದು ಬ್ಯಾಕ್ಟೀರಿಯಾದ್ದು, ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ. ನಾಯಿಗೆ ಪಶುವೈದ್ಯರಿಂದ ಔಷಧಿ ಹಾಕಿಸಿ.

ಇನ್ನು ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಚಿಮಟದಿಂದ ಉಣ್ಣೆಯನ್ನು ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಆಮೇಲೆ ಸೋಪು ಹಾಕಿ ತೊಳೆಯಿರಿ.

ಇನ್ನೊಬ್ಬ ಸದಸ್ಯೆ, ಸೋಮವಾರಪೇಟೆ: ನಮ್ಮ ಯಜಮಾನರಿಗೆ ಸ್ಕ್ರಬ್ ಟೈಫಸ್ ಅಂದಿದ್ದರು. ತೊಡೆಯಲ್ಲಿ ಕಪ್ಪು ಗಾಯ ಇತ್ತು. ಅದೂ ಉಣ್ಣೆಯದ್ದೇನಾ ಡಾಕ್ಟ್ರೇ?

ಉತ್ತರ: ಅಲ್ಲಮ್ಮ. ಅದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ನುಸಿಯ ಮರಿಯಿಂದ ಬರುವುದು. ಗೊಂದಲ ಆಗುವುದು ಸಹಜ, ಉಣ್ಣೆ ಟೈಫಸ್‌ನಲ್ಲೂ ಕಪ್ಪು ಗಾಯ ಇರಬಹುದು, ಔಷಧಿಯೂ ಅದೇ. ಅಂಥ ಗಾಯ ಕಂಕುಳ, ತೊಡೆಸಂದಿಯಲ್ಲಿ ಅಡಗಿರುತ್ತದೆ. ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಲು ಹೇಳಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಸರ್. ತೋಟದಲ್ಲಿ ಮಂಗ ಸತ್ತಿದ್ದರೆ ನಾವೇ ಹೂಳಬಹುದಾ?

ಉತ್ತರ: ಮುಟ್ಟಲೇಬೇಡಿ. ಸತ್ತ ಮಂಗನ ಮೈಯಿಂದ ಉಣ್ಣೆಗಳು ಸುತ್ತಲೂ ಇಳಿಯುತ್ತವೆ. ಕೆಲಸದವರನ್ನು ಆ ಕಡೆ ಬಿಡಬೇಡಿ. ಆರೋಗ್ಯ ಇಲಾಖೆಗೂ ಅರಣ್ಯ ಇಲಾಖೆಗೂ ಅವತ್ತೇ ತಿಳಿಸಿ.