‘ಸ್ಟ್ಯಾಂಡ್ ಬೈ’ ಅನ್ನಲಾ, ‘ಬ್ಯಾಕ್ ಅಪ್’ ಅನ್ನಲಾ? ಅನುಭವ ಇದ್ದವರು ಹೇಳಿ

ಕೇಳಿದವರು, ಚಿಕ್ಕಮಗಳೂರು:
ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಆಫೀಸಿನಲ್ಲಿದ್ದೇನೆ. ಹೊರದೇಶಕ್ಕೆ ಹೋದ ಲೋಡಿನಲ್ಲಿ ಎರಡು ಚೀಲ ಕಮ್ಮಿ ಅಂತ ತಕರಾರು ಬಂದಿದೆ. 60 ಕೆ.ಜಿ. ಚೀಲ, ಜೇಬಿಗೆ ಹಾಕಿಕೊಂಡು ಹೋಗೋದಲ್ಲ! ಲೋಡಿಂಗ್ ನೋಡಿಕೊಂಡ ಹುಡುಗಿಯ ತಲೆಗೆ ಕಟ್ಟುತ್ತಿದ್ದಾರೆ. ಎಣಿಸುವಾಗ ನಾನೂ ಅಲ್ಲೇ ಇದ್ದೆ, ಲೆಕ್ಕ ಸರಿ ಇತ್ತು. ಬೆಂಗಳೂರಿನ ಹೆಡ್ ಆಫೀಸಿಗೆ ಅವಳ ಪರವಾಗಿ ಇಂಗ್ಲಿಷಿನಲ್ಲಿ ಮೇಲ್ ಹಾಕಬೇಕು. ಸ್ಟ್ಯಾಂಡ್ ಬೈ, ಸ್ಟ್ಯಾಂಡ್ ಅಪ್ ಫಾರ್, ಬ್ಯಾಕ್ ಅಪ್, ಸಪೋರ್ಟ್, ಯಾವುದು ಸರಿ?

ಹಾಸನದಿಂದ, ಇಂಗ್ಲಿಷ್ ಪಾಠ ಮಾಡುವವರು:
ನೀವು ಮಾಡೋದು ಏನು ಅಂತ ಮೊದಲು ನೋಡಿ. ನಾಲ್ಕು ಜನರ ಎದುರು ಯಾರೋ ಅವಳನ್ನು ಬೈಯುತ್ತಿದ್ದಾಗ ನೀವು ಬಾಯಿ ಬಿಟ್ಟು ಅವಳನ್ನು ವಹಿಸಿಕೊಂಡರೆ ಅದು ಸ್ಟ್ಯಾಂಡ್ ಅಪ್ ಫಾರ್. ಸ್ನೇಹಿತರ ನಡುವೆ ಸ್ಟಿಕ್ ಅಪ್ ಫಾರ್ ಅಂತಲೂ ಅನ್ನುತ್ತಾರೆ, ಆಫೀಸ್ ಮೇಲ್‌ಗೆ ಅದು ಬೇಡ. ಊರೆಲ್ಲ ಬೈದರೂ ಕೈ ಬಿಡದೆ ಜೊತೆಗಿದ್ದರೆ ಸ್ಟ್ಯಾಂಡ್ ಬೈ. ಅವಳು ಹೇಳಿದ್ದು ನಿಜ, ನಾನೇ ಕಂಡಿದ್ದೇನೆ ಅಂತ ಸಾಕ್ಷಿ ಹೇಳಿದರೆ ಬ್ಯಾಕ್ ಅಪ್. ನಿಮಗೆ ಬೇಕಾಗಿರೋದು ಇದೇ ಅಲ್ವಾ? ಹೆಡ್ ಆಫೀಸಿನವರಿಗೆ ನಿಮ್ಮ ಪ್ರೀತಿ ಬೇಡ, ಲೆಕ್ಕ ಬೇಕು. ಹೀಗೆ ಬರೆಯಿರಿ: ‘ಐ ವಾಸ್ ಪ್ರೆಸೆಂಟ್ ವೆನ್ ದಿ ಬ್ಯಾಗ್ಸ್ ವರ್ ಕೌಂಟೆಡ್, ಅಂಡ್ ಐ ಕ್ಯಾನ್ ಬ್ಯಾಕ್ ಅಪ್ ಹರ್ ಅಕೌಂಟ್.’ ಇಲ್ಲಿ ಅಕೌಂಟ್ ಅಂದರೆ ಅವಳು ಕೊಟ್ಟ ವಿವರಣೆ, ಬ್ಯಾಂಕಿನದಲ್ಲ.

ಸಕಲೇಶಪುರದಿಂದ:
ಸಪೋರ್ಟ್ ತಪ್ಪಲ್ಲ, ಆದರೆ ಸಪ್ಪೆ. ‘ಐ ಆ್ಯಮ್ ಸಪೋರ್ಟಿಂಗ್ ಹರ್’ ಅಂತ ಮಾತ್ರ ಬರೆಯಬೇಡಿ, ಖರ್ಚಿಗೆ ದುಡ್ಡು ಕೊಟ್ಟು ಸಾಕುತ್ತಿದ್ದೀರಿ ಅಂತಲೂ ಓದಬಹುದು.

ಮೂಡಿಗೆರೆಯಿಂದ, ಹೋಮ್‌ಸ್ಟೇ:
ಸ್ಟ್ಯಾಂಡ್ ಬೈಗೆ ಇನ್ನೊಂದು ಮುಖ ಇದೆ, ಹುಷಾರು. ಮಳೆಗಾಲದಲ್ಲಿ ಒಬ್ಬ ಗೆಸ್ಟ್ ಕಾರು ನಮ್ಮ ಗೇಟಿನ ಹತ್ತಿರ ಕೆಸರಲ್ಲಿ ಹೂತುಕೊಂಡಿತ್ತು. ಆಮೇಲೆ ಅವರ ರಿವ್ಯೂ ಬಂತು: ‘ದಿ ಸ್ಟಾಫ್ ಜಸ್ಟ್ ಸ್ಟುಡ್ ಬೈ.’ ನಮ್ಮ ಹುಡುಗ ಹೊಗಳಿದ್ದಾರೆ ಅಂತ ಫೋನ್ ಹಿಡಿದುಕೊಂಡು ಅಡುಗೆಮನೆಯವರೆಗೂ ತೋರಿಸಿಕೊಂಡು ಬಂದ. ಅವರು ಬರೆದಿದ್ದು, ಸುಮ್ನೆ ನೋಡ್ತಾ ನಿಂತಿದ್ದರು ಅಂತ! ಯಾರ ಜೊತೆ ನಿಂತಿರಿ ಅನ್ನೋದು ‘ಬೈ’ ಆದ ಕೂಡಲೇ ಬರಬೇಕು. ‘ಸ್ಟುಡ್ ಬೈ ಹರ್’ ಆದರೆ ಜೊತೆಗಿದ್ದರು. ಬರೀ ‘ಸ್ಟುಡ್ ಬೈ’ ಆದರೆ ಕೈ ಕಟ್ಟಿ ನಿಂತರು.

ಹಾಸನದಿಂದ, ಮತ್ತೆ:
ಒಳ್ಳೆ ಮಾತು. ಹಾಗೇ ಸ್ಟ್ಯಾಂಡ್ ಅಪ್ ಟು ಅಂದರೆ ಎದುರು ನಿಲ್ಲೋದು. ಸ್ಟ್ಯಾಂಡ್ ಇನ್ ಫಾರ್ ಅಂದರೆ ಅವಳ ಬದಲಿಗೆ ಡ್ಯೂಟಿ ಮಾಡೋದು. ಮಕ್ಕಳು ಪರೀಕ್ಷೆಯಲ್ಲಿ ಇವನ್ನೆಲ್ಲ ಕಲಸಿ ಇಡುತ್ತಾರೆ.

ಬೇಲೂರಿನಿಂದ:
ಮೇಲ್ ಆಯ್ತು, ಆ ಹುಡುಗಿಗೂ ಒಂದು ಮೆಸೇಜ್ ಹಾಕಿ. ಅವಳಿಗೆ ಇಂಗ್ಲಿಷೇ ಬೇಕಿದ್ದರೆ ‘ಐ ಹ್ಯಾವ್ ಗಾಟ್ ಯುವರ್ ಬ್ಯಾಕ್’ ಸಾಕು. ನನ್ನನ್ನು ಕೇಳಿದರೆ ‘ಹೆದರಬೇಡ ಕಣೇ, ನಾನಿದ್ದೀನಿ’ ಅಂತ ಕನ್ನಡದಲ್ಲೇ ಹಾಕಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬ್ಯಾಕ್ ಅಪ್ ಅಂತಲೇ ಬರೆದೆ. ಲೋಡಿಂಗ್ ದಿನ ಚೀಲ ಎಣಿಸಿ ಬರೆದ ಟ್ಯಾಲಿ ಶೀಟ್‌ನಲ್ಲಿ ಲಾರಿ ಡ್ರೈವರ್ ಸಹಿಯೂ ಇದೆ, ಅದರ ಫೋಟೋ ಸೇರಿಸಿ ಈಗ ಕಳಿಸುತ್ತಿದ್ದೇನೆ.