ಬಿಕಾಂ ಮುಗೀತು: ಶಿವಮೊಗ್ಗದ ಆಡಿಟ್ ಆಫೀಸಾ, ಬೆಂಗಳೂರಾ?

ತೀರ್ಥಹಳ್ಳಿ ಹುಡುಗಿ:
ಕುವೆಂಪು ವಿವಿಯಲ್ಲಿ ಬಿಕಾಂ ಮುಗಿಯಿತು, 68 ಪರ್ಸೆಂಟ್. ಎರಡು ಕೆಲಸ ಸಿಕ್ಕಿವೆ. ಒಂದು ದುರ್ಗಿಗುಡಿ ಹತ್ತಿರದ ಆಡಿಟ್ ಆಫೀಸು, ತಿಂಗಳಿಗೆ 9,000. ಇನ್ನೊಂದು ಬೆಂಗಳೂರಿನ ಕಾಲ್ ಸೆಂಟರ್, 19,000, ರಾತ್ರಿ ಪಾಳಿ. ಅಪ್ಪ ಮಾತ್ರ ಸರ್ಕಾರಿ ಕೆಲಸದ ಎಫ್‌ಡಿಎ ಪರೀಕ್ಷೆಗೆ ಓದು ಅನ್ನುತ್ತಾರೆ. ಇರುವುದು ಒಂದೂವರೆ ಎಕರೆ ಅಡಿಕೆ ತೋಟ, ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಅರ್ಧಕ್ಕೆ ಇಳಿದಿದೆ, ಹೀಗಿರುವಾಗ ಸುಮ್ನೆ ಮನೆಯಲ್ಲಿ ಕೂತು ಓದಲು ನನಗೇ ಮನಸ್ಸಿಲ್ಲ. ದಿನಾ ಓಡಾಡಿದರೆ ಬಸ್ಸಿಗೇ ಸಂಬಳ ಹೋಗುತ್ತದೆ. ಶಕ್ತಿ ಯೋಜನೆ ಇದೆಯಲ್ಲ ಅನ್ನಬೇಡಿ, ನಮ್ಮ ಕಡೆ ಜಾಸ್ತಿ ಓಡುವುದು ಖಾಸಗಿ ಬಸ್ಸು, ಟಿಕೆಟ್ ತೆಗೆಯಲೇಬೇಕು. 9,000ಕ್ಕೆ ಸೇರಿದರೆ ದಡ್ಡತನವಾ?

ಮಂಡಿ ಲೆಕ್ಕ:
ದಡ್ಡತನ ಏನಿಲ್ಲ ತಂಗಿ. ಆದರೆ ಅಲ್ಲಿ ನಿನಗೆ ಏನು ಕೆಲಸ ಕೊಡುತ್ತಾರೆ ಅಂತ ಕೇಳಿಕೊಂಡು ಸೇರು. ನಾನು ಮೊದಲು ಇದ್ದ ಕಡೆ ಒಂದು ವರ್ಷ ಪೂರ್ತಿ ಕಂಪ್ಯೂಟರಿನ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಬಿಲ್ ಹೊಡೆದಿದ್ದೇ ಬಂತು, ಮಧ್ಯೆ ಜೆರಾಕ್ಸ್, ಟೀ. ರಿಟರ್ನ್ಸ್ ಹಾಕುವುದನ್ನು ದೂರದಿಂದಲೂ ನೋಡಿರಲಿಲ್ಲ. ಎರಡನೇ ಆಫೀಸಿನಲ್ಲಿ ಸಂಬಳ 500 ಕಡಿಮೆ, ಆದರೆ ಸೇರಿದ ವಾರವೇ ಒಂದು ಅಡಿಕೆ ಮಂಡಿಯ ಫೈಲು ಕೈಗೆ ಕೊಟ್ಟರು. ಫೈಲು ಅಂದರೆ ಪ್ಲಾಸ್ಟಿಕ್ ಚೀಲದ ತುಂಬಾ ಚೀಟಿ! ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆ ಪ್ರಕಾರ ಬೇರೆ ಮಾಡಿ, 11ರೊಳಗೆ ಮಾರಾಟದ ಲೆಕ್ಕ, ಅಂದರೆ ಜಿಎಸ್‌ಟಿಆರ್-1 ಹಾಕಿ, 14ಕ್ಕೆ 2ಬಿ, ಅಂದರೆ ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ ಬಂದ ಮೇಲೆ ಖರೀದಿ ಲೆಕ್ಕದ ಜೊತೆ ತಾಳೆ ನೋಡಿ, 20ರೊಳಗೆ ತೆರಿಗೆ ಕಟ್ಟುವ 3ಬಿ ರಿಟರ್ನ್ ಮುಗಿಸಬೇಕು. ಮೊದಲ ತಿಂಗಳೇ ಗೋಣಿಚೀಲ ಮಾರಿದವನ ಬಿಲ್ಲು 2ಬಿಯಲ್ಲಿ ಇಲ್ಲ. ಅವನು ರಿಟರ್ನ್ಸೇ ಹಾಕಿರಲಿಲ್ಲ, ಫೋನ್ ಮಾಡಿ ಮಾಡಿ ಸಾಕಾಯಿತು. ಕೆಲಸ ಕಲಿತದ್ದು ಆ ತಿಂಗಳು.

ಊರಿಗೆ ವಾಪಸ್:
ನಾನು 4 ವರ್ಷ ಬೆಂಗಳೂರಿನಲ್ಲಿದ್ದೆ. ಪಿಜಿಗೆ 8,000, ಅಲ್ಲಿಯ ಊಟ ಸೇರದೆ ಹೊರಗೆ ತಿಂದದ್ದು, ತಿಂಗಳಿಗೆರಡು ಸಲ ಊರಿನ ಬಸ್ಸು, ಕೊನೆಗೆ ಕೈಯಲ್ಲಿ ಮಿಗುವುದು ಅದೇ ಮೂರು ನಾಲ್ಕು ಸಾವಿರ. ಹಾಗಂತ ಕಾಲ್ ಸೆಂಟರ್ ಅಂದರೆ ಮೂಗು ಮುರಿಯಬೇಡಿ ಮಾರಾಯ್ರೆ, ನನ್ನ ಇಂಗ್ಲಿಷಿನ ಹೆದರಿಕೆ ಬಿಟ್ಟದ್ದು ಅಲ್ಲೇ. ರಾತ್ರಿ ಪಾಳಿ ಮಾತ್ರ ಆಗಲಿಲ್ಲ. ಇನ್ನೊಂದು, ಕೆಲಸ ಕೊಡಿಸುವವರು ಮುಂಗಡ ಕೇಳಿದರಾ? ನಾನು 5,000 ಕಟ್ಟಿದ್ದೆ, ಮಾರನೇ ವಾರ ಅವರ ಫೋನೇ ಸ್ವಿಚ್ ಆಫ್.

ಲೆಡ್ಜರ್:
68 ಇದೆ, ಸಿಎ (ಚಾರ್ಟರ್ಡ್ ಅಕೌಂಟೆಂಟ್) ಯಾಕೆ ಯೋಚಿಸಬಾರದು? ಬಿಕಾಂನಲ್ಲಿ 55 ದಾಟಿದ್ದರೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯಬೇಕಿಲ್ಲ, ನೇರ ಎರಡನೇ ಹಂತದ ಇಂಟರ್‌ಗೆ ನೋಂದಾಯಿಸಬಹುದು. ಹೇಗೂ ಆಡಿಟ್ ಆಫೀಸಿಗೆ ಸೇರುತ್ತೀರಿ, ಸಿಎ ಕೈಕೆಳಗಿನ 3 ವರ್ಷದ ತರಬೇತಿ, ಆರ್ಟಿಕಲ್‌ಶಿಪ್, ಅಲ್ಲೇ ಮುಗಿಯುತ್ತದೆ.

ಮಂಡಿ ಲೆಕ್ಕ:
ಅದು ಹಳೇ ಕತೆ ಸರ್. 2023ರ ಜುಲೈಯಿಂದ ಆರ್ಟಿಕಲ್‌ಶಿಪ್ 2 ವರ್ಷ. ಅದೂ ಇಂಟರ್‌ನ ಎರಡೂ ಗ್ರೂಪ್ ಪಾಸಾದ ಮೇಲೆ. ಸಂಬಳಕ್ಕೆ ಅಂತ ಸೇರಿದ ದಿನಗಳು ಆ ಲೆಕ್ಕಕ್ಕೆ ಬರುವುದಿಲ್ಲ, ಸೇರುವಾಗ ಇದನ್ನು ತಲೆಯಲ್ಲಿ ಇಟ್ಟುಕೋ ತಂಗಿ. ಇಂಟರ್‌ಗೆ ಓದುತ್ತೇನೆ ಅಂತ ಆಫೀಸಿನ ಸಿಎಗೆ ಮೊದಲೇ ಹೇಳಿ, ಪರೀಕ್ಷೆ ಹತ್ತಿರ ಬಂದಾಗ ರಜೆ ಕೊಡುತ್ತಾರಾ ಕೇಳು.

ತೀರ್ಥಹಳ್ಳಿ ಹುಡುಗಿ:
ಮುಂಗಡ ಯಾರೂ ಕೇಳಿಲ್ಲ ಅಣ್ಣ. ಇವತ್ತು ಆಡಿಟ್ ಆಫೀಸಿಗೆ ಫೋನ್ ಮಾಡಿದೆ. ಮೂರು ತಿಂಗಳು ಎಂಟ್ರಿ, ಆಮೇಲೆ ಎರಡು ಫೈಲು ಕೊಡುತ್ತೇವೆ ಅಂದರು. ರಜೆಯ ಮಾತು ತೆಗೆದಾಗ ಮಾತ್ರ "ಬನ್ನಿ, ನೋಡೋಣ" ಅಂದರು. ಗೋಪಾಳದಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲೇ ಇರು ಅಂತ ಅಮ್ಮ. ಅಪ್ಪ ಏನೂ ಅನ್ನಲಿಲ್ಲ, ಬೋರ್ಡೋ ಔಷಧಿ ಹೊಡೆಯುವವರು ಬಂದರು ಅಂತ ತೋಟದ ಕಡೆ ಹೋದರು. ಸೋಮವಾರ ಹೋಗಿ ಮಾತಾಡಿ ಬಂದು ಇಲ್ಲೇ ಬರೆಯುತ್ತೇನೆ.